ಉಪ್ಪು ತಿಂದವನು ನೀರು ಕುಡಿದಾಯಿತು

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಮಾನ್ಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಭಾನುವಾರದ ತುರ್ತು ಸಭೆಯಲ್ಲಿ ತಾವು ಮಂಡಿಸಿ, ಎರಡೇ ನಿಮಿಷದಲ್ಲಿ ಚಪ್ಪಾಳೆಯೊಂದಿಗೆ ಪಾಸು ಮಾಡಿಸಿದ ನಿರ್ಣಯದ ಪ್ರತಿಯನ್ನು ನನ್ನ ಗೇಟಿಗೆ ಅಂಟಿಸಿದ್ದೀರಿ. 'ಜೈಲಿಗೆ ಹೋಗಿಬಂದವರಿಗೆ ಬಡಾವಣೆಯಲ್ಲಿ ಮನೆ, ಮಳಿಗೆ, ಶೆಡ್ಡು ಯಾವುದನ್ನೂ ಬಾಡಿಗೆಗೆ ಕೊಡತಕ್ಕದ್ದಲ್ಲ.' ಒಂದೇ ವಾಕ್ಯ, ತಪ್ಪಿಲ್ಲದ ಕನ್ನಡ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು, ಹತ್ತಕ್ಕೆ ಹತ್ತು ಕೊಡಬಹುದಿತ್ತು. ಅರ್ಧ ಅಂಕ ಕಳೆದಿದ್ದೇನೆ. ಬಲೆ ತಾವು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಬಿಟ್ಟಿದೆ.

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಆರೋಪವಿತ್ತೇ ಹೊರತು ತೀರ್ಪಿರಲಿಲ್ಲ. ಇಂಥವರಲ್ಲಿ ಯಾರನ್ನೇ ಆಗಲಿ ಕೋರ್ಟು ನಿರಪರಾಧಿ ಎಂದು ಬಿಟ್ಟರೂ ನಮ್ಮ ನಿರ್ಣಯ ಬಿಡುವುದಿಲ್ಲ. ಇನ್ನೂ ಒಂದು ತೊಡಕಿದೆ. ಸಂಘದ ಕಚೇರಿಯಲ್ಲಿ ತಮ್ಮ ಕುರ್ಚಿಯ ಹಿಂದೆ ಹಾರ ಹಾಕಿಸಿಕೊಂಡು ನಗುತ್ತಿರುವ ಆ ಮುದುಕರಿಗೆ 1922ರಲ್ಲಿ ಆರು ವರ್ಷ ಸಜೆಯಾಗಿತ್ತು. ಯರವಡಾ ಜೈಲಿನಲ್ಲಿದ್ದು 1924ರಲ್ಲಿ ಹೊರಬಂದರು. ಅವರೇ ಈಗ ಚರಕ ಹಿಡಿದು ಬಂದು ಶೆಡ್ಡು ಕೇಳಿದರೂ ನಾನು ಇಲ್ಲವೆನ್ನಬೇಕು. ಏನು ಮಾಡುವುದು, ನಿರ್ಣಯ ಆಗಿಹೋಗಿದೆ.

ಇರಲಿ. ತಮ್ಮ ಗುರಿ ಅವರಾರೂ ಅಲ್ಲ. ನನ್ನ ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ನಾಲ್ಕು ತಿಂಗಳಿಂದ ಇರುವ ಬಡಗಿ. ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದವನು. ಇದನ್ನು ಯಾರೂ ನನ್ನ ಕಿವಿಯಲ್ಲಿ ಉಸುರಬೇಕಾಗಿರಲಿಲ್ಲ. ಬಾಡಿಗೆ ಎಷ್ಟೆಂದು ಕೇಳುವ ಮೊದಲೇ ಅವನೇ ಹೇಳಿದ. ಸತ್ತವನಿಗೂ ಹೆಂಡತಿ ಮಕ್ಕಳಿದ್ದರು. ಆ ಮನೆಯವರು ಅವನನ್ನು ಕ್ಷಮಿಸಿಲ್ಲ, ಕ್ಷಮಿಸಿ ಎನ್ನಲು ನಾನು ಯಾರು? ಅವರ ಕಣ್ಣಿಗೆ ಬೀಳಬಾರದೆಂದೇ ಅವನು ಊರಿಗೆ ಹೋಗದೆ ಮೈಸೂರಿನಲ್ಲಿ ಉಳಿದ. ಆದರೆ ಅಧ್ಯಕ್ಷರೇ, ಆ ಸಿಟ್ಟು ಅವರ ಸ್ವಂತದ್ದು. ಸಂಘ ಅದನ್ನು ಬಾಡಿಗೆಗೆ ತಂದಿಟ್ಟುಕೊಂಡಿದೆ, ಅಷ್ಟೆ.

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂದು ಸಭೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ. ಒಪ್ಪಿದೆ. ಅಶೋಕ ರಸ್ತೆಯ ಸೆಂಟ್ರಲ್ ಜೈಲಿನಲ್ಲಿ 15 ವರ್ಷ ಕುಡಿದಿದ್ದಾನೆ. ಇನ್ನಾದರೂ ಲೋಟ ಕೆಳಗಿಡಲು ಬಿಡಿ.

ನಮ್ಮ ಸಂಘ ಕೈದಿಗಳಿಗಾಗಿ ಏನೂ ಮಾಡಿಲ್ಲ ಎಂದು ಯಾರಾದರೂ ಅಂದರೆ ಮೊದಲು ಜಗಳಕ್ಕೆ ನಿಲ್ಲುವವನು ನಾನೇ. ಒಂದು ಅಕ್ಟೋಬರ್ 2ರಂದು ನಾವೆಲ್ಲ ಬ್ಯಾನರ್ ಹಿಡಿದು ಜೈಲಿಗೆ ಹೋಗಿ ಕಂಬಳಿ ಹಂಚಲಿಲ್ಲವೇ? ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲುವಾಸಿಗಳಿಂದ ಆಡಿಸಿದ ನಾಟಕಕ್ಕೆ ಹೋದಾಗ ತಾವು ಮುಂದಿನ ಸಾಲಿನಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ಹಿಂದಿನ ಸಾಲಿನಿಂದ ನಾನು ನೋಡಿದ್ದೇನೆ. ಸರಳುಗಳ ಆಚೆ ಇದ್ದಾಗ ಕಂಬಳಿ, ರಂಗದ ಮೇಲಿದ್ದಾಗ ಚಪ್ಪಾಳೆ. ನಮ್ಮ ಕರುಣೆಗೆ ಬರ ಬರುವುದು ಅವನು ನಾಲ್ಕನೇ ಕ್ರಾಸಿಗೆ ಬಂದಾಗ ಮಾತ್ರ. ಅಂದಹಾಗೆ, ಆ ಕಂಬಳಿಗಳಲ್ಲೊಂದು ಈಗ ನನ್ನ ಶೆಡ್ಡಿನಲ್ಲಿದೆ. ಅಂಚಿನಲ್ಲಿ ಸಂಘದ ಹೆಸರು ಇನ್ನೂ ಮಾಸಿಲ್ಲ. ಬಡಾವಣೆಯ ಗಡಿಯೊಳಗೆ ಅದನ್ನು ಹೊದೆಯಬಹುದೋ ಇಲ್ಲವೋ, ದಯವಿಟ್ಟು ಲಿಖಿತವಾಗಿ ತಿಳಿಸಿ.

ಕೆಲಸಕ್ಕಾಗಿ ಅವನು ಅಲೆಯಲಿಲ್ಲವೆಂದು ತಿಳಿಯಬೇಡಿ. ಮರಗೆಲಸ ಕಲಿತದ್ದಕ್ಕೆ ಅವನ ಬಳಿ ಪ್ರಮಾಣಪತ್ರವಿದೆ. ಕೆಳಗೆ ಕಾರಾಗೃಹದ ದುಂಡು ಮೊಹರಿದೆ. ಕೆಲಸ ಬರುತ್ತದೆ ಎಂದು ಸಾರುವ ಕಾಗದವೇ ಕೆಲಸ ಕೊಡಬೇಡಿ ಎಂದೂ ಸಾರುತ್ತದೆ. ತೋರಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರೆ, ಮಡಿಚಿಟ್ಟರೆ 'ಇಷ್ಟು ವರ್ಷ ಎಲ್ಲಿದ್ದೆ?' ಎನ್ನುತ್ತಾರೆ. ಕೊನೆಗೆ ಒಂದು ಸೆಕ್ಯುರಿಟಿ ಏಜೆನ್ಸಿಗೆ ಹೋದ. ಅಲ್ಲಿನ ಮ್ಯಾನೇಜರು ಒಳ್ಳೆಯ ಮನುಷ್ಯ, ಕೂರಿಸಿ ಟೀ ಕೊಟ್ಟು ಕಾನೂನು ಹೇಳಿದರಂತೆ. ಖಾಸಗಿ ಭದ್ರತಾ ಏಜೆನ್ಸಿಗಳಿಗಾಗಿ 2005ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಸಜೆಯಾದವನನ್ನು ಗಾರ್ಡ್ ಮಾಡುವಂತಿಲ್ಲ. ತಪ್ಪೇನಿಲ್ಲ, ಗೇಟು ಕಾಯುವುದು ಜವಾಬ್ದಾರಿಯ ಕೆಲಸ.

ಆದರೆ ಅವನ ಭವಿಷ್ಯ ಕತ್ತಲೆಯೇನೂ ಅಲ್ಲ. ಜನತಾ ಪ್ರಾತಿನಿಧ್ಯ ಕಾಯ್ದೆ, 1951ನ್ನು ತೆಗೆದು ನೋಡಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸಜೆಯಾದವರು ಬಿಡುಗಡೆಯಾದ ಮೇಲೆ ಆರು ವರ್ಷ ಕಾದರೆ ಸಾಕು, ಚುನಾವಣೆಗೆ ನಿಲ್ಲಬಹುದು. ನಮ್ಮ ಗೇಟಿಗೆ ನಿಲ್ಲಲಾಗದವನು ವಿಧಾನಸಭೆಗೆ ನಿಲ್ಲಬಹುದು! ಆಗ ಪಾರ್ಕಿನ ಉದ್ಘಾಟನೆಗೆ ಕರೆಯಲು ತಾವೇ ಹೂವಿನ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹಿಡಿದು ಹೋಗಬೇಕಾದೀತು. ಅವನ ಕಾರಿಗೆ ಗಾರ್ಡ್ ಸೆಲ್ಯೂಟ್ ಹೊಡೆದು ಗೇಟು ತೆಗೆದಾನು. ಆ ದಿನಕ್ಕೆ ಈ ನಿರ್ಣಯ ಅಡ್ಡಿಯಾಗಬಾರದು, 'ಶಾಸಕರನ್ನು ಹೊರತುಪಡಿಸಿ' ಎಂಬ ಎರಡು ಪದವನ್ನು ಈಗಲೇ ಸೇರಿಸಿಕೊಳ್ಳುವುದು ಕ್ಷೇಮ.

'ರಾತ್ರಿ ಹೊತ್ತು ಹೆಣ್ಣುಮಕ್ಕಳು ಓಡಾಡುವ ರಸ್ತೆ' ಎಂದು ಕಾರ್ಯದರ್ಶಿಗಳು ಆತಂಕಪಟ್ಟರು. ಆ ಆತಂಕವನ್ನು ನಾನು ಗೇಲಿ ಮಾಡುವುದಿಲ್ಲ. ಮೊದಲ ವಾರ ನಾನೂ ಮಲಗುವ ಮುಂಚೆ ಎರಡೆರಡು ಸಲ ಚಿಲಕ ನೋಡಿದವನೇ. ಆಮೇಲೆ ಕಂಡದ್ದನ್ನು ಹೇಳುತ್ತೇನೆ. ಸಂಜೆ ಆರಾಗುತ್ತಲೇ ಅವನು ಉಳಿ, ಗರಗಸ ಒರೆಸಿ ಗೋಣಿಚೀಲದಲ್ಲಿ ಸುತ್ತಿಟ್ಟು ಒಳಗೆ ಹೋಗುತ್ತಾನೆ. ಜೈಲಿನಲ್ಲಿ ಅದು ಎಣಿಕೆ ಮುಗಿಸಿ ಬ್ಯಾರಕ್ಕಿಗೆ ಬೀಗ ಹಾಕುವ ಹೊತ್ತು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಮ್ಮ ಬಡಾವಣೆಯ ಬೀದಿದೀಪ ಹೊತ್ತಿದ್ದನ್ನು ಅವನು ನೋಡಿಲ್ಲ. (ಅರ್ಧ ದೀಪ ಹೊತ್ತುವುದೂ ಇಲ್ಲ, ಆ ಮಾತು ಬೇರೆ.)

ಇನ್ನೊಂದು ಸಂಗತಿ. ಒಂದು ಬೆಳಿಗ್ಗೆ ಹಾಲು ತರಲು ಹೋಗಿ ಬರುವಾಗ ನೋಡಿದೆ, ಕೈಯಲ್ಲಿ ಅಳತೆ ಟೇಪು ಹಿಡಿದು ನಮ್ಮ ಮನೆ ಬಾಗಿಲ ಮುಂದೆ ನಿಂತಿದ್ದ. ಬಾಗಿಲು ಬರೀ ಮುಂದಕ್ಕೆ ಹಾಕಿತ್ತು, ಬೆರಳು ತಾಕಿಸಿದರೆ ತೆರೆಯುತ್ತಿತ್ತು. 'ಯಾಕಪ್ಪಾ ಹೊರಗೇ ನಿಂತೆ?' ಅಂದೆ. 'ತೆಗೀತಾರೆ ಅಂತ ಕಾಯ್ತಿದ್ದೆ ಸಾ' ಅಂದ. ಹದಿನೈದು ವರ್ಷ ಬೇರೆಯವರು ತೆಗೆದ ಬಾಗಿಲುಗಳಲ್ಲೇ ಓಡಾಡಿದ ಕೈ ಅದು. ಬಾಗಿಲು ಮಾಡಲು ಕಲಿತಿದೆ, ತಳ್ಳುವುದನ್ನು ಮರೆತಿದೆ.

ಮಕ್ಕಳಿಗೆ ನಾವು ಅಂಗುಲಿಮಾಲನ ಕತೆ ಹೇಳುತ್ತೇವಲ್ಲ, ಅರ್ಧಕ್ಕೇ ನಿಲ್ಲಿಸುತ್ತೇವೆ. ಬುದ್ಧನನ್ನು ಕಂಡ, ಕತ್ತಿ ಬಿಸಾಡಿದ, ಭಿಕ್ಷುವಾದ, ಶುಭಂ. ಶ್ರಾವಸ್ತಿಯ ಬೀದಿಗೆ ಭಿಕ್ಷೆಗೆ ಹೋದಾಗ ಕಲ್ಲು ಹೆಂಟೆ ಬಿದ್ದು, ತಲೆ ಒಡೆದು, ಒಡೆದ ಪಾತ್ರೆ ಹಿಡಿದು ಅವನು ಹಿಂತಿರುಗಿದ ಭಾಗ ನಮ್ಮ ಪಾಠದಲ್ಲಿರಲಿಲ್ಲ. ನಾನೂ ಹೇಳಿಕೊಡಲಿಲ್ಲ. ಆ ಊರಿನವರಿಗಿಂತ ನಾವು ಎಷ್ಟೋ ವಾಸಿ. ನಾವು ಕಲ್ಲು ಹೊಡೆಯುವುದಿಲ್ಲ, ಲೆಟರ್‌ಹೆಡ್ಡಿನಲ್ಲಿ ನಿರ್ಣಯ ಹೊಡೆಯುತ್ತೇವೆ.

ಹಾಗಾದರೆ ಅವನಿಗೆ ಬೇಕಾದದ್ದೇನು? ಸನ್ಮಾನ ಬೇಡ, ಭಾಷಣ ಬೇಡ, ಇನ್ನೊಂದು ಕಂಬಳಿಯಂತೂ ಖಂಡಿತ ಬೇಡ. ಒಂದು ಬಾಡಿಗೆ ಕರಾರು. ಅದಿದ್ದರೆ ಆಧಾರ್‌ನಲ್ಲಿ ವಿಳಾಸ ಬದಲಾಗುತ್ತದೆ, ವಿಳಾಸವಿದ್ದರೆ ಬ್ಯಾಂಕ್ ಖಾತೆ, ರೇಷನ್ ಕಾರ್ಡಿನ ಮಾತು. 'ಕೆಲಸ ಶುದ್ಧವಾಗಿ ಮಾಡ್ತಾನೆ' ಎಂದು ಪಕ್ಕದ ಮನೆಯವರಿಗೆ ಒಂದು ಮಾತು. ಮಾಡಿದ ಕೆಲಸಕ್ಕೆ ಎಲ್ಲರಿಗೂ ಕೊಡುವ ಕೂಲಿ, 'ನಿನ್ನಂಥವನಿಗೆ ಇಷ್ಟು ಸಾಕು' ಎನ್ನದೆ. ಸರ್ಕಾರ ಸನ್ನಡತೆ ನೋಡಿ ಬಿಡುಗಡೆ ಮಾಡಬಲ್ಲದು, ಅಲ್ಲಿಗೆ ಅದರ ಕಡತ ಮುಗಿಯಿತು. ಬಿಡುಗಡೆಯಾದ ಮರುದಿನ ಬೆಳಿಗ್ಗೆ ಅವನಿಗೆ ಟೀ ಕೊಡುವ ಅಂಗಡಿಯವನನ್ನು ಯಾವ ಇಲಾಖೆಯೂ ನೇಮಿಸಲಾರದು. ಅದು ನಮ್ಮ ಪಾಲಿನ ಕೆಲಸ.

ಕೊನೆಯದಾಗಿ ಒಂದು ಖಾಸಗಿ ವಿಷಯ, ಬಹಿರಂಗ ಪತ್ರದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಮಳೆಗೆ ತಮ್ಮ ಮನೆಯ ದೇವರ ಕೋಣೆಯ ಬಾಗಿಲು ಉಬ್ಬಿ ಹಾಕಿಕೊಳ್ಳುತ್ತಿಲ್ಲವಂತೆ. ನಮ್ಮ ಮನೆಯ ಬಾಗಿಲನ್ನು ಸರಿಮಾಡಿದವರು ಯಾರೆಂದು ತಮ್ಮ ಶ್ರೀಮತಿಯವರು ನಮ್ಮವಳನ್ನು ವಿಚಾರಿಸಿದರು. ಅವಳು ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಭಾನುವಾರ ಕಳಿಸಿ, ಇವರು ಮೀಟಿಂಗಿಗೆ ಹೋಗಿರ್ತಾರೆ' ಅಂದರಂತೆ.

ಬರುತ್ತಾನೆ, ಹತ್ತು ಗಂಟೆಗೆ. ಬೆಲ್ ಒತ್ತುವುದಿಲ್ಲ, ಬಾಗಿಲು ತಳ್ಳುವುದಿಲ್ಲ, ಚೀಲ ಕೆಳಗಿಟ್ಟು ನಿಂತಿರುತ್ತಾನೆ. ಅವತ್ತೊಂದು ದಿನ ತಾವು ಮೀಟಿಂಗಿಗೆ ತಡವಾಗಿ ಹೋದರೂ ಪರವಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಶೆಡ್ಡಿನ ಮಾಲೀಕ, ನಾಲ್ಕನೇ ಕ್ರಾಸ್
(ಸಂಘದ ಆಜೀವ ಸದಸ್ಯ, ಸದ್ಯಕ್ಕೆ)