ತಿಜೋರಿವಾಸಿ ರಿಮೋಟ್ ಸಾಹೇಬರಿಗೆ ಅನಗವಾಡಿಯಿಂದ ಒಂದು ಬಹಿರಂಗ ಪತ್ರ

ಇವರಿಂದ: ಒಬ್ಬ ಕಬ್ಬು ಬೆಳೆಗಾರ, ಅನಗವಾಡಿ, ಬೀಳಗಿ ತಾಲೂಕು, ಬಾಗಲಕೋಟೆ ಜಿಲ್ಲೆ

ಇವರಿಗೆ: ಶ್ರೀಮಾನ್ ಪ್ರೊಜೆಕ್ಟರ್ ರಿಮೋಟ್ ಸಾಹೇಬರು, ಎರಡನೆಯ ಖಣ, ಕಬ್ಬಿಣದ ತಿಜೋರಿ (ಕೀಲಿ ಬೇರೆಯವರ ಹತ್ತಿರ)

ವಿಷಯ: ತಾವು ದಯಮಾಡಿ ಹೊರಗೆ ಬರುವ ಕುರಿತು

ಉಲ್ಲೇಖ: ಕಾರ್ಯಾಗಾರದ ದಿವಸ ತಮ್ಮನ್ನು ಹನ್ನೊಂದು ಸಲ ಕೂಗಿದ್ದು (ಮೌಖಿಕ)

ಮಾನ್ಯರೇ,

ಹೋದ ತಿಂಗಳು ‘ಕಬ್ಬಿಗೆ ಹನಿ ನೀರಾವರಿ’ ಎಂಬ ಕಾರ್ಯಾಗಾರಕ್ಕೆ ನಾವು ನಲವತ್ತು ಮಂದಿ ರೈತರು ಬಂದಿದ್ದೆವು. ಅದು ಎಲ್ಲಿ ನಡೆಯಿತು, ನಡೆಸಿದವರು ಯಾರು ಎಂಬುದನ್ನು ಬರೆಯುವುದಿಲ್ಲ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನಲ್ಲಿ ಯಾವ ಸಭಾಭವನದ ಬಾಗಿಲು ತೆಗೆದರೂ ಇದೇ ಕಥೆ ಎದುರಾಗಬಹುದು. ಹೆಸರು ಹೇಳಿ ಒಬ್ಬರಿಗೇ ಕೀರ್ತಿ ಕೊಟ್ಟರೆ ಉಳಿದವರಿಗೆ ಅನ್ಯಾಯ.

ಹತ್ತು ಗಂಟೆಗೆ ಉಪ್ಪಿಟ್ಟು ಆಯಿತು, ಚಹಾ ಆಯಿತು, ಸ್ವಾಗತ ಭಾಷಣ ಆಯಿತು, ಸ್ವಾಗತಿಸಿದವರಿಗೆ ವಂದನೆಯೂ ಆಯಿತು. ಉಪನ್ಯಾಸಕರು ಲ್ಯಾಪ್‌ಟಾಪಿಗೆ ವಾಯರ್ ಸಿಕ್ಕಿಸಿ ಮೇಲೆ ನೋಡಿದರು. ನಾವೂ ನೋಡಿದೆವು. ತಮ್ಮ ಯಜಮಾನರಾದ ಪ್ರೊಜೆಕ್ಟರ್ ಬಾವಲಿಯಂತೆ ಮಾಳಿಗೆಗೆ ಜೋತುಬಿದ್ದು ಗಾಢ ನಿದ್ದೆಯಲ್ಲಿದ್ದರು. ಅವರನ್ನು ಎಬ್ಬಿಸುವ ಅಧಿಕಾರ ತಮಗೊಬ್ಬರಿಗೇ.

“ರಿಮೋಟ್ ಎಲ್ಲೈತಿ?”

“ತಿಜೋರಿಯೊಳಗ ಐತ್ರಿ.”

“ತಿಜೋರಿ ಕೀಲಿ?”

“ಸಾಹೇಬ್ರ ಹಂತ್ಯಾಕ ಐತ್ರಿ.”

“ಸಾಹೇಬ್ರು?”

“ನವನಗರಕ್ಕ ಮೀಟಿಂಗಿಗೆ ಹೋಗ್ಯಾರ್ರಿ.”

“ಏನ್ ಮೀಟಿಂಗೋ ಮಾರಾಯ?”

“ಡಿಜಿಟಲ್ ಸಾಧನಗಳ ಸದ್ಬಳಕೆ ಅಂತ್ರಿ.”

ಶಿಪಾಯಿ ಇದನ್ನು ನಗದೆ ಹೇಳಿದ. ಸರ್ಕಾರಿ ನೌಕರಿಗೆ ಅವನು ಎಷ್ಟು ಯೋಗ್ಯ ಎಂಬುದು ಅಲ್ಲೇ ಗೊತ್ತಾಯಿತು.

ಆಮೇಲೆ ನಡೆದದ್ದನ್ನು ತಾವು ಒಳಗಿಂದ ಕೇಳಿಸಿಕೊಂಡಿರಬೇಕು. ಬಾಗಿಲಾಚೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ನಮ್ಮವನೊಬ್ಬ ಹೋಗಿ ಎಂಟು ಅಡಿಯ ಒಂದು ಕಬ್ಬು ಎಳೆದು ತಂದ, ಬೆಂಚಿನ ಮೇಲೆ ಬೆಂಚು ಹೇರಿ ಹತ್ತಿದ, ಕಬ್ಬಿನ ತುದಿಯಿಂದ ಪ್ರೊಜೆಕ್ಟರಿನ ಹೊಟ್ಟೆಗೆ ತಿವಿದ. ಗುರಿ ತಾಗಿತು. ಪರದೆ ನೀಲಿಯಾಯಿತು, ‘ನೋ ಸಿಗ್ನಲ್’ ಎಂದು ಬರೆಯಿತು. ಚಪ್ಪಾಳೆ ಬಿತ್ತು. ಹುರುಪಿನಲ್ಲಿ ಅವನು ಇನ್ನೊಮ್ಮೆ ತಿವಿದ. ‘ಆರಿಸಬೇಕೆ? ಹಾಗಾದರೆ ಮತ್ತೊಮ್ಮೆ ಒತ್ತಿ’ ಎಂದು ಪ್ರೊಜೆಕ್ಟರ್ ಇಂಗ್ಲಿಷಿನಲ್ಲಿ ಕೇಳಿತು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ನಾವು ಒಪ್ಪಿಗೆ ಕೊಡುವವರೇ ತಾನೇ. ಮೂರನೆಯ ತಿವಿತ ಬಿತ್ತು. ಎಲ್ಲ ಕತ್ತಲು. ಪಂಖಾ ಮಾತ್ರ ಗುಂಯ್ ಎನ್ನುತ್ತಿತ್ತು. ಒಳಗಿನ ಪಾದರಸದ ದೀಪ ಕಾದಿರುತ್ತದೆ. ಅದು ತಣಿಯದ ಹೊರತು ಮತ್ತೆ ಹೊತ್ತಿಕೊಳ್ಳುವುದಿಲ್ಲ.

ಒಂದು ದೀಪ ಆರಿಸಲು ಎರಡು ಸಲ ಒತ್ತಿಸಿ ಖಾತ್ರಿ ಮಾಡಿಕೊಳ್ಳುವ ಈ ಯಂತ್ರದ ಸೌಜನ್ಯ ಕಂಡು ಪಕ್ಕದಲ್ಲಿದ್ದ ಮುದುಕರೊಬ್ಬರು ನಿಟ್ಟುಸಿರುಬಿಟ್ಟರು. “ನಮ್ಮ ಹೊಲಾ ಮುಳುಗಿಸೂ ಮುಂದ ಒಂದ್ ಸಲಾನೂ ಹಿಂಗ ಕೇಳಲಿಲ್ಲ ತಮ್ಮಾ.”

ಸಾಹೇಬರೇ, ದೀಪ ತಣಿಯುವವರೆಗೆ ತಮ್ಮ ವಂಶಾವಳಿಯನ್ನು ಸ್ವಲ್ಪ ಬಿಚ್ಚುತ್ತೇನೆ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಎಂಬವರು ‘ಫ್ಲ್ಯಾಶ್-ಮ್ಯಾಟಿಕ್’ ಎಂಬ ತಮ್ಮ ಮುತ್ತಜ್ಜನನ್ನು ಮಾಡಿದರು. ಟೀವಿಯ ನಾಲ್ಕು ಮೂಲೆಗೆ ಬ್ಯಾಟರಿ ಬೆಳಕು ಬಿಟ್ಟರೆ ಕೆಲಸ ಮಾಡುತ್ತಿತ್ತು. ಒಂದೇ ದೋಷ: ಕಿಟಕಿಯಿಂದ ಬಿಸಿಲು ಬಿದ್ದರೂ ಅದು ಯಾರನ್ನೂ ಕೇಳದೆ ಚಾನೆಲ್ ಬದಲಿಸುತ್ತಿತ್ತು. ನಮ್ಮ ಬೀಳಗಿಯ ಬಿಸಿಲಿಗೆ ಅದು ಬಂದಿದ್ದರೆ ಚೈತ್ರದಲ್ಲಿ ಒಂದು ಧಾರಾವಾಹಿಯೂ ಪೂರ್ತಿ ಆಗುತ್ತಿರಲಿಲ್ಲ. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕು ಬಿಟ್ಟು ಸದ್ದು ಹಿಡಿದರು. ಗುಂಡಿ ಒತ್ತಿದರೆ ಒಳಗೆ ಪುಟ್ಟ ಸುತ್ತಿಗೆ ಅಲ್ಯುಮಿನಿಯಂ ಸಲಾಕೆಗೆ ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ಕೇಳದ ಆ ಸದ್ದು ಟೀವಿಗೆ ಕೇಳಿಸುತ್ತಿತ್ತು. ಸೆಲ್ಲೇ ಬೇಕಿರಲಿಲ್ಲ. ಮನುಷ್ಯರಿಗೆ ಕೇಳದ್ದು ನಾಯಿಗೆ ಕೇಳುತ್ತದೆ. ನಮ್ಮ ಮುಧೋಳ ನಾಯಿ ಆ ಮನೆಯಲ್ಲಿದ್ದಿದ್ದರೆ ಟೀವಿ ಹಚ್ಚಿದಾಗೊಮ್ಮೆ ಮೊಲದ ಬೆನ್ನು ಹತ್ತಿ ಓಡುತ್ತಿತ್ತೋ ಏನೋ.

ಸದ್ದಿನ ರಿಮೋಟ್ ನಮಗೇನೂ ಹೊಸದಲ್ಲ. ನಾನು ಹುಡುಗನಾಗಿದ್ದಾಗ ಸರ್ಕಾರದ ಪ್ರಚಾರದ ಜೀಪು ಹಳ್ಳಿಗೆ ಬರುತ್ತಿತ್ತು. ಗುಡಿ ಮುಂದೆ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು, 16 ಮಿಲಿಮೀಟರಿನ ಪ್ರೊಜೆಕ್ಟರ್ ಕಟಕಟ ಎನ್ನುತ್ತಿತ್ತು. ಮೊದಲು ಕುಟುಂಬ ಯೋಜನೆ, ಆಮೇಲೆ ಗೊಬ್ಬರ, ಕೊನೆಗೆ ಪುಣ್ಯವಿದ್ದರೆ ಒಂದು ಸಿನೆಮಾ. ರೀಲು ಹರಿದರೆ ಊರೆಲ್ಲ ಸೇರಿ ಸೀಟಿ ಹೊಡೆಯುತ್ತಿದ್ದೆವು. ಆಪರೇಟರ್ ಬೀಡಿ ಬಿಸುಟು ಓಡಿ ಬಂದು ರೀಲು ಅಂಟಿಸುತ್ತಿದ್ದ. ಆ ಸೀಟಿಯೇ ನಮ್ಮ ರಿಮೋಟ್. ಅದಕ್ಕೆ ತಿಜೋರಿ ಇರಲಿಲ್ಲ, ಎಲ್ಲರ ಬಾಯಲ್ಲೂ ಒಂದೊಂದು ಇತ್ತು. ಈಗ ಯಂತ್ರ ನಮ್ಮ ತಲೆಯ ಮೇಲೇ ಇದೆ, ಸೀಟಿ ಹೊಡೆದರೆ ಓಡಿ ಬರುವವರು ಯಾರೂ ಇಲ್ಲ.

ಇರಲಿ. ಹನ್ನೊಂದೂವರೆಗೆ ಫೋನಿನಲ್ಲಿ ಸಾಹೇಬರು ಸಿಕ್ಕರು. ಇನ್ನೊಂದು ಕೀಲಿ ಬಸವಣ್ಣನವರ ಫೋಟೋದ ಹಿಂದೆ ಇದೆ ಎಂಬ ರಹಸ್ಯ ಹೊರಬಿತ್ತು. ತಿಜೋರಿ ತೆರೆಯಿತು. ತಾವು ದರ್ಶನ ಕೊಟ್ಟಿರಿ.

ಏನು ಹೇಳಲಿ ತಮ್ಮ ವೈಭವ! ಕಂಪನಿಯ ಪ್ಲ್ಯಾಸ್ಟಿಕ್ ಕೊಟ್ಟೆ ಮೈಮೇಲೆ ಹಾಗೇ ಇತ್ತು. ಅದರ ಬಾಯಿಯಿಂದ ತಮ್ಮ ಮೋತಿ ಮಾತ್ರ ಹೊರಗೆ ಬಂದಿತ್ತು. ಹೋದ ಖಂಡೇನವಮಿಗೆ ಯಾರೋ ಭಕ್ತಿಯಿಂದ ಆ ಮೋತಿಗೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಮೇಲೊಂದು ಚೆಂಡು ಹೂವಿನ ಎಸಳು ಅಂಟಿಸಿದ್ದರು. ಶಿಪಾಯಿ ತಮ್ಮನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಉಪನ್ಯಾಸಕರು ಗುಂಡಿ ಒತ್ತಿದರು. ಪ್ರೊಜೆಕ್ಟರ್ ಮಿಸುಕಲಿಲ್ಲ. ಗಟ್ಟಿಯಾಗಿ ಒತ್ತಿದರು, ಕೈ ಎತ್ತಿ ಒತ್ತಿದರು, ಹತ್ತಿರ ಹೋಗಿ ಒತ್ತಿದರು, ತಮ್ಮ ಬೆನ್ನಿಗೆ ಎರಡು ಏಟು ಹಾಕಿ ಒತ್ತಿದರು. “ಸೆಲ್ ಹೋಗ್ಯಾವ್ರಿ” ಎಂದು ಸಭೆ ತೀರ್ಪು ಕೊಟ್ಟಿತು.

ಸೆಲ್ ಬೇಕು ಎರಡು. ಗೋಡೆಯ ಗಡಿಯಾರದಿಂದ ಒಂದು ಕಿತ್ತರು. ಸಮಯ ಹನ್ನೊಂದು ನಲವತ್ತಕ್ಕೆ ನಿಂತಿತು. ಇನ್ನೊಂದನ್ನು ವಾಯರ್ ಇಲ್ಲದ ಮೈಕಿನಿಂದ ಕಿತ್ತರು, ಧ್ವನಿಯೂ ನಿಂತಿತು. ಕಾಲ, ವಾಣಿ ಎರಡನ್ನೂ ಬಲಿ ಕೊಟ್ಟರೂ ತಾವು ಪ್ರಸನ್ನರಾಗಲಿಲ್ಲ.

ಆಗ ಎದ್ದಳು ಒಬ್ಬ ಹುಡುಗಿ. ಅಜ್ಜನ ಜೊತೆ ಬಂದಿದ್ದಳು, ಒಂಬತ್ತನೆಯ ಇಯತ್ತೆ ಇರಬೇಕು. “ಸರ, ಇಲ್ಲಿ ಕೊಡ್ರಿ” ಎಂದು ತಮ್ಮನ್ನು ಇಸಕೊಂಡಳು. ಅಜ್ಜನ ಮೊಬೈಲಿನ ಸೆಲ್ಫಿ ಕ್ಯಾಮರಾ ತೆರೆದು, ಅದರ ಮುಂದೆ ತಮ್ಮ ಮೋತಿ ಹಿಡಿದು ಗುಂಡಿ ಒತ್ತಿದಳು. ಏನೂ ಕಾಣಲಿಲ್ಲ. “ಬೆಳಕ ಬರವಲ್ದು” ಎಂದಳು. ಓಢಣಿಯ ಚುಂಗನ್ನು ನೀರಿನಲ್ಲಿ ಅದ್ದಿ ವಿಭೂತಿ, ಕುಂಕುಮ, ಹೂವಿನ ಎಸಳು ಎಲ್ಲ ಒರೆಸಿದಳು. ಒಳಗಿನಿಂದ ಗುಲಗಂಜಿಯಷ್ಟು ದೀಪ ಕಂಡಿತು. ಮತ್ತೆ ಒತ್ತಿದಳು. ಮೊಬೈಲಿನ ಗಾಜಿನಲ್ಲಿ ನೇರಳೆ ಬಣ್ಣದ ಚುಕ್ಕೆಯೊಂದು ಮಿಣಮಿಣ ಎಂದಿತು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ, ಕ್ಯಾಮರಾದಲ್ಲಿ ಇದೆ. ಮುದುಕರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

ತಮ್ಮ ಗುಟ್ಟು ರಟ್ಟಾಯಿತು ಸಾಹೇಬರೇ. ತಮ್ಮ ಬೆಳಕು ಅವಗೆಂಪು. ಅಲೆಯ ಉದ್ದ ಸುಮಾರು 940 ನ್ಯಾನೋಮೀಟರ್. ಮನುಷ್ಯರ ಕಣ್ಣು ಏಳುನೂರು ಚಿಲ್ಲರೆಗೇ ಸೋಲುತ್ತದೆ. ಆ ಬೆಳಕು ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಟುಕುತ್ತದೆ. ಬಿಸಿಲು, ಟ್ಯೂಬ್‌ಲೈಟುಗಳ ಗದ್ದಲದಲ್ಲಿ ತಮ್ಮ ಕೂಗನ್ನು ಯಂತ್ರ ಗುರುತು ಹಿಡಿಯುವುದು ಆ ಲೆಕ್ಕದಿಂದಲೇ. ಆದರೆ ಮೂರು ಬೆರಳಿನ ವಿಭೂತಿ ದಾಟುವ ತಾಕತ್ತು ಅದಕ್ಕಿಲ್ಲ. ವರ್ಷವಿಡೀ ತಾವು ಕೆಲಸ ಮಾಡದೆ ಇದ್ದದ್ದು ನಾವು ತಮಗೆ ಪೂಜೆ ಮಾಡಿದ್ದರಿಂದ!

ಹುಡುಗಿ ತಮ್ಮನ್ನು ಮಾಳಿಗೆಯ ಕಡೆ ಎತ್ತಲೂ ಇಲ್ಲ. ಬಿಳಿ ಪರದೆಯತ್ತ ತಿರುಗಿಸಿ ಒತ್ತಿದಳು. ಬೆಳಕು ಪರದೆಗೆ ಬಡಿದು ಪುಟಿದು ಪ್ರೊಜೆಕ್ಟರಿನ ಕಣ್ಣಿಗೆ ಹೋಯಿತು. ಚಿತ್ರ ಬಂತು. ಮೇಲೆ ಸಪೂರ, ಕೆಳಗೆ ಅಗಲ, ಥೇಟ್ ಮೊರದ ಆಕಾರ. ‘ಕೀಸ್ಟೋನ್’ ಗುಂಡಿಯನ್ನು ನಾಲ್ಕು ಸಲ ಅದುಮಿದಳು, ಮೊರ ಹೋಗಿ ಚೌಕಾಯಿತು. ಉಪನ್ಯಾಸಕರು ಮೈಕಿಲ್ಲದೆ, ಊಟದ ಹೊತ್ತಾಯಿತೋ ಇಲ್ಲವೋ ಎಂದು ತಿಳಿಸುವ ಗಡಿಯಾರವೂ ಇಲ್ಲದೆ, ಎಂಬತ್ನಾಲ್ಕು ಸ್ಲೈಡುಗಳ ಪೈಕಿ ಮೊದಲನೆಯದನ್ನು ಆರಂಭಿಸಿದರು.

ಚಹಾದ ವೇಳೆ ಆ ಹುಡುಗಿ ತಮ್ಮ ಮೈಮೇಲಿನ ಗುಂಡಿಗಳನ್ನು ನನಗೆ ಒಂದೊಂದಾಗಿ ತೋರಿಸಿದಳು. ಎಲ್ಲ ಎಲ್ಲೋ ನೋಡಿದ ಹಾಗೇ ಇವೆಯಲ್ಲ ಅನ್ನಿಸಿತು. ಕೀಸ್ಟೋನ್ ಎಂದರೆ ಸೊಟ್ಟಗಿದ್ದದ್ದನ್ನು ನೆಟ್ಟಗೆ ತೋರಿಸುವುದು. ಅದು ಪ್ರಗತಿ ಪರಿಶೀಲನಾ ವರದಿಯಲ್ಲಿದೆ. ‘ಬ್ಲ್ಯಾಂಕ್’ ಒತ್ತಿದರೆ ಯಂತ್ರ ಉರಿಯುತ್ತಲೇ ಇದ್ದರೂ ಪರದೆ ಕಪ್ಪಾಗುತ್ತದೆ. ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದಾಗ ಕಂಡಿದ್ದೇನೆ. ‘ಫ್ರೀಜ್’ ಒತ್ತಿದರೆ ಪರದೆಯ ಚಿತ್ರ ಅಲ್ಲೇ ನಿಲ್ಲುತ್ತದೆ, ಒಳಗೆ ಮಂದಿ ಬೇರೆ ಕೆಲಸ ಮಾಡಿಕೊಳ್ಳಬಹುದು. ಇದು ನಮಗೆ ಬಹಳ ಹಳೆಯ ಪರಿಚಯ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಎಂದು ಎರಡನೆಯ ಕೃಷ್ಣಾ ನ್ಯಾಯಾಧಿಕರಣ ಹೇಳಿದ್ದು 2010ರ ಡಿಸೆಂಬರಿನಲ್ಲಿ. ಅಂದಿನಿಂದ ಆ ಸ್ಲೈಡು ಪರದೆಯ ಮೇಲೆ ಹಾಗೇ ನಿಂತಿದೆ. ಏರುತ್ತದೆ ಎಂದು ಮನೆ ಕಟ್ಟದವರಿದ್ದಾರೆ, ಏರುವುದಿಲ್ಲ ಎಂದು ಕಟ್ಟಿದವರೂ ಇದ್ದಾರೆ.

ತಾವು ಅನಗವಾಡಿಗೆ ಬಂದಿಲ್ಲ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಕೊಲ್ಹಾರದ ಗಡಿಗೆ ಮೊಸರು, ಕೃಷ್ಣೆಯ ಉದ್ದ ಸೇತುವೆ ದಾಟಿ, ಮುಂದೆ ನಮ್ಮ ಘಟಪ್ರಭೆಯ ಸೇತುವೆ ಬರುತ್ತದೆ. ನದಿಯ ಮೇಲ್ಗಡೆ ಬೆಳಗಾವಿ ಜಿಲ್ಲೆಯಲ್ಲಿ ಹಿಡಕಲ್ ಜಲಾಶಯ: 51 ಟಿಎಂಸಿ. ಕೆಳಗಡೆ ಆಲಮಟ್ಟಿ: 123 ಟಿಎಂಸಿ, 26 ಗೇಟು. ಮೇಲೆ ಗುಂಡಿ ಒತ್ತಿದರೆ ನೀರು ಬರುತ್ತದೆ, ಕೆಳಗೆ ಗುಂಡಿ ಒತ್ತದೆ ಬಿಟ್ಟರೆ ನೀರು ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ನಾವು ಎರಡು ರಿಮೋಟುಗಳ ನಡುವೆ ಸಿಕ್ಕ ಪರದೆಯಾಗಿದ್ದೆವು. ಯಾರ ಚಿತ್ರ ಬೇಕಾದರೂ ನಮ್ಮ ಮೇಲೆ ಬೀಳುತ್ತಿತ್ತು. ಸಾಹೇಬರು ಮೀಟಿಂಗಿಗೆ ಹೋದ ನವನಗರವೂ ಬಾಗಲಕೋಟೆಯ ಮುಳುಗಿದ ಓಣಿಗಳ ಮಂದಿಗೆಂದೇ ಕಟ್ಟಿದ ಊರು. ಬೀಳಗಿ ತಾಲೂಕಿನಲ್ಲಿ ‘ಆರ್‌ಸಿ’ ಎಂದರೆ ಕಾಂಕ್ರೀಟ್ ಅಲ್ಲ, ಪುನರ್ವಸತಿ ಕೇಂದ್ರ. ಅಂದರೆ ಬೇರೆಯವರು ಗುಂಡಿ ಒತ್ತಿ ಎತ್ತಿಟ್ಟ ಊರು.

ಇಷ್ಟು ವರ್ಷ ನಾವೂ ಆ ದೊಡ್ಡ ರಿಮೋಟುಗಳಿಗೆ ಮಾಡಿದ್ದು ತಮಗೆ ಮಾಡಿದ್ದನ್ನೇ. ಜಲಾಶಯ ತುಂಬಿದಾಗ ಬಾಗಿನ ಬಿಟ್ಟೆವು, ಬಂದವರಿಗೆ ಮಾಲೆ ಹಾಕಿದೆವು, ಹಣೆಗೆ ಕುಂಕುಮ ಹಚ್ಚಿದೆವು. ಮೋತಿ ಒರೆಸಿ, ಒಳಗಿನ ದೀಪ ಹತ್ತಿದೆಯೋ ಇಲ್ಲವೋ ನೋಡುವ ಬುದ್ಧಿ ನಮಗೆ ಹೊಳೆಯಲಿಲ್ಲ. ಆದ್ದರಿಂದ ತಮ್ಮಲ್ಲಿ ಈ ಕೆಳಗಿನ ಅರಿಕೆ:

ಒಂದು, ಅಂಚೆ ಕಚೇರಿಯ ಪೆನ್ನಿಗೆ ದಾರ ಕಟ್ಟಿದಂತೆ ತಮ್ಮನ್ನು ಗೋಡೆಗೆ ಕಟ್ಟಿ ತೂಗಬಿಡಲು ಅಪ್ಪಣೆ ಕೊಡಬೇಕು. ಕಳುವಾದೀತು ಎಂಬ ಅಂಜಿಕೆ ಬೇಡ; ತಿಜೋರಿಯಲ್ಲಿದ್ದಾಗಲೂ ತಾವು ನಮ್ಮ ಪಾಲಿಗೆ ಕಳುವಾದವರೇ.

ಎರಡು, ಬರುವ ಖಂಡೇನವಮಿಗೆ ವಿಭೂತಿಯನ್ನು ಬೆನ್ನಿಗೆ ಹಚ್ಚಿಸಿಕೊಳ್ಳಬೇಕು.

ಮೂರು, ಗಡಿಯಾರದ ಸೆಲ್ಲನ್ನು ಮರಳಿಸಬೇಕು. ಮೊನ್ನೆ ಹೋದಾಗಲೂ ಅಲ್ಲಿ ಹನ್ನೊಂದು ನಲವತ್ತೇ ಆಗಿತ್ತು. ಅಧಿಕಾರಿಗಳು ಯಾರೂ ಗಮನಿಸಿದಂತೆ ಕಾಣಲಿಲ್ಲ.

ನಾಲ್ಕು, ತಮ್ಮ ಹಿರಿಯಣ್ಣಂದಿರಾದ ಹಿಡಕಲ್, ಆಲಮಟ್ಟಿಯವರಿಗೆ ನಮ್ಮ ನಮಸ್ಕಾರ ತಿಳಿಸಬೇಕು. ಗುಂಡಿ ನಮ್ಮ ಕೈಗೆ ಕೊಡಿ ಎಂದು ಕೇಳುವಷ್ಟು ಅತಿಯಾಸೆ ನಮಗಿಲ್ಲ. ಒತ್ತುವಾಗ ಮಿಣುಕುವ ಬೆಳಕು ನಮ್ಮ ಕಣ್ಣಿಗೂ ಒಂದಿಷ್ಟು ಮುಂಚೆ ಕಾಣುವಂತಾಗಲಿ, ಸಾಕು.

ತಮ್ಮ ವಿಶ್ವಾಸಿ,
ಅನಗವಾಡಿಯ ಕಬ್ಬು ಬೆಳೆಗಾರ

ಪ್ರತಿಗಳು:

1. ಗೋಡೆಯ ಗಡಿಯಾರ — ಸಮಯಾವಕಾಶ ಸಿಕ್ಕಾಗ ಓದಲು.

2. ಪ್ರೊಜೆಕ್ಟರ್, ಮಾಳಿಗೆ — ಮಾಹಿತಿಗಾಗಿ. (ಎದ್ದ ಮೇಲೆ.)

3. ಓಢಣಿಯ ಚುಂಗಿನಿಂದ ಮೋತಿ ಒರೆಸಿದ ಹುಡುಗಿ — ಮುಂದಿನ ಅಗತ್ಯ ಕ್ರಮಕ್ಕಾಗಿ.