ಜಿಗ್ ರಾಯರು

ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು ಬೆಂಗಳೂರಿನ ಜಾಲಹಳ್ಳಿ, ವಿದ್ಯಾರಣ್ಯಪುರದ ಕಡೆ ಬೀದಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಆರಿಂಚಿನ ಸ್ಟೀಲ್ ಸ್ಕೇಲು ಇರುತ್ತದೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸಿದರೆ ಅಂಚು ಎತ್ತಿ ದಪ್ಪ ನೋಡಿ, "ಎರಡು ಥೌ ಜಾಸ್ತಿ ಆಯ್ತು" ಎಂದು ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ಗೊಣಗಿಯೇ ತಿನ್ನುವುದು. ಇವರಲ್ಲಿ ಕೆಲವರು ಮಿಕ್ಸಿ ರಿಪೇರಿಗೆ ಇಳಿಯುತ್ತಾರೆ, ಕೆಲವರು ಬಡಾವಣೆ ಸಂಘದ ಕಾರ್ಯದರ್ಶಿಯಾಗಿ ನೆರೆಹೊರೆಯವರ ನಿದ್ದೆ ಕೆಡಿಸುತ್ತಾರೆ. ನಮ್ಮ ರಾಯರು ಗಿಟಾರ್ ಹಿಡಿದರು.

ನುಡಿಸಲಿಕ್ಕಲ್ಲ, ಮಾಡಲಿಕ್ಕೆ. ಸಂಗೀತ ಅವರಿಗೆ ಬರುವುದು ಮಿಲಿಮೀಟರಿನಲ್ಲಿ ಮಾತ್ರ. "ತಂತಿಯ ಉದ್ದ 650 ಅಂತ ಇಟ್ಕೊಳ್ಳಿ. 17.817ರಿಂದ ಭಾಗಿಸಿ. ಮೊದಲನೇ ಫ್ರೆಟ್ಟು 36.48ಕ್ಕೆ. ಉಳಿದದ್ದನ್ನ ಮತ್ತೆ ಭಾಗಿಸ್ತಾ ಹೋಗಿ, ಹನ್ನೆರಡನೇದು ಸರಿಯಾಗಿ ಅರ್ಧಕ್ಕೆ ಬಂದು ಕೂರುತ್ತೆ." ಷಡ್ಜ ಯಾವುದು, ಪಂಚಮ ಯಾವುದು ಎಂದು ಕೇಳಿದರೆ, ಅದು ನುಡಿಸೋರ ತಲೆನೋವು ಎನ್ನುತ್ತಾರೆ.

ಉಳಿ, ತೋಪಡ ಹಿಡಿದು ಕೂತರೆ ಆಗುವ ಕೆಲಸವನ್ನು ಕೈಯಲ್ಲಿ ಮಾಡುವುದು ರಾಯರ ಪಾಲಿಗೆ ಅವಮಾನ. ಒಂದು ಕೊರೆತಕ್ಕೆ ಉಪಕರಣ ದಾರಿ ತಪ್ಪದಂತೆ ಹಿಡಿಯುವ ಒಂದು ಜಿಗ್ಗು, ಆ ಜಿಗ್ಗು ಅಲ್ಲಾಡದ ಹಾಗೆ ಹಿಡಿಯಲು ಇನ್ನೊಂದು ಜಿಗ್ಗು. ಶೆಡ್ಡಿನ ಗೋಡೆಯ ತುಂಬ ಇವೇ. ಗಿಟಾರ್ ಎಲ್ಲಿ ಎಂದು ಹುಡುಕಬೇಕು.

ಪಕ್ಕದ ಪಟ್ಟಿ ಬಗ್ಗಿಸುವುದನ್ನೇ ನೋಡಿ. ಅದು 2 ಮಿ.ಮೀ. ಆಸುಪಾಸು ದಪ್ಪದ ಬೀಟೆ ಹಲಗೆ. ನೀರು ಚಿಮುಕಿಸಿ ಬಿಸಿ ಮಾಡಿ, ಸೊಂಟದ ತಿರುವಿನಲ್ಲಿ ಸೀಳದಂತೆ ಬಗ್ಗಿಸಬೇಕು. ಹಿಂದಿನವರು ಕಾದ ಕೊಳವೆಗೆ ಒತ್ತಿ ಕೈಯಲ್ಲೇ ಮಾಡುತ್ತಿದ್ದರು. ಅಮೆರಿಕದ ಚಾರ್ಲ್ಸ್ ಫಾಕ್ಸ್ ಎಂಬ ಗಿಟಾರ್ ಕಸುಬುದಾರರು ಒಳಗೆ ಬಲ್ಬು ಉರಿಸಿ ಬಗ್ಗಿಸುವ ಅಚ್ಚೊಂದನ್ನು ರೂಪಿಸಿದ್ದಾರೆ ಎಂದು ತಿಳಿದದ್ದೇ ತಡ, ರಾಯರು ಬಲ್ಬಿಗೆಂದು ಎಸ್‌ಜೆಪಿ ರಸ್ತೆಯ ಅಂಗಡಿಗೆ ಹೊರಟರು. ಜೊತೆಗೆ ನಾನು.

"ಎಷ್ಟು ವ್ಯಾಟಿನ ಎಲ್‌ಇಡಿ ಸಾರ್?"

"ಎಲ್‌ಇಡಿ ಬೇಡಪ್ಪ, ಹಳೇ ಗಾಜಿನ ಬಲ್ಬು. ನೂರೈವತ್ತು ವ್ಯಾಟಿಂದು ಮೂರು ಕೊಡು."

"ಅಯ್ಯೋ, ಅದು ಬೆಳಕಿಗಿಂತ ಬಿಸಿನೇ ಜಾಸ್ತಿ ಕೊಡುತ್ತೆ ಸಾರ್."

"ನನಗೆ ಬೇಕಾಗಿರೋದೇ ಬಿಸಿ. ಬೆಳಕು ನೀನೇ ಇಟ್ಕೋ."

ಅಂಗಡಿಯ ಹುಡುಗ ರಾಯರ ಹಣೆಯ ಅಂಗಾರ ಅಕ್ಷತೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ಕೋಳಿಮರಿ ಸಾಕ್ತಿದೀರಾ ಸಾರ್?"

ಇಂಥ ಮಾತಿಗೆಲ್ಲ ಕುಗ್ಗುವ ಜೀವವಲ್ಲ ಅದು. ಕೆಟ್ಟ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ, ಅದು ಗಾಳಿ ಎಳೆದುಕೊಳ್ಳುವ ಕಡೆಗೆ ಕೊಳವೆ ಸಿಕ್ಕಿಸಿ ಹೀರುವ ಪಂಪು ಮಾಡಿದರು. ಮೇಲ್ಹಲಗೆಯ ಒಳಮೈಗೆ ಆಧಾರಪಟ್ಟಿಗಳನ್ನು ಅಂಟಿಸಿ, ಮೇಲೆ ರಬ್ಬರ್ ಹಾಳೆ ಮುಚ್ಚಿ ಗಾಳಿ ಹೀರಿದರೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 1 ಕಿಲೋ ಭಾರ ಬೀಳುತ್ತದೆ. "ಆಕಾಶವೇ ಬಿಟ್ಟಿ ಒತ್ತಿ ಕೊಡ್ತಿರೋವಾಗ ಕ್ಲಾಂಪಿಗೆ ಯಾಕ್ರೀ ದುಡ್ಡು?" ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ತಗಾದೆ ಎದ್ದದ್ದು ಗ್ರೈಂಡರಿನಿಂದ. ಗಿಟಾರಿನ ಮುಖ ಚಪ್ಪಟೆ ಎಂದು ನಾವು ತಿಳಿದಿದ್ದೇವೆ. ಅನೇಕ ಗಿಟಾರುಗಳಲ್ಲಿ ಅದಕ್ಕೆ ಕಣ್ಣಿಗೆ ಕಾಣದಷ್ಟು ಉಬ್ಬು ಇರುತ್ತದೆ, ಸುಮಾರು 28 ಅಡಿ ತ್ರಿಜ್ಯದ ಗೋಳದಿಂದ ಕತ್ತರಿಸಿ ತೆಗೆದ ಹಾಗೆ. ಪಕ್ಕದ ಪಟ್ಟಿಗಳ ಅಂಚು ಆ ಉಬ್ಬಿಗೆ ಹೊಂದಬೇಕು. ಅದಕ್ಕೆ ಅಷ್ಟೇ ತಗ್ಗಿರುವ ತಟ್ಟೆಗೆ ಉಪ್ಪುಕಾಗದ ಅಂಟಿಸಿ ಉಜ್ಜುತ್ತಾರೆ. ಉಜ್ಜಿ ಉಜ್ಜಿ ರಟ್ಟೆ ನೋವು ಬಂದ ದಿನ ರಾಯರ ದೃಷ್ಟಿ ಅಡುಗೆಮನೆಯ ಗ್ರೈಂಡರಿನ ಮೇಲೆ ಬಿತ್ತು. ನಿಧಾನದ ಸುತ್ತು, ಗಟ್ಟಿ ಬುಡ, ದೇವರೇ ಮಾಡಿಕೊಟ್ಟ ಯಂತ್ರ. ಪಾತ್ರೆ, ಕಲ್ಲು ಎತ್ತಿಟ್ಟು ತಟ್ಟೆ ಕೂರಿಸಿದರು. ಕೆಲಸ ಅಮೋಘವಾಗಿ ಆಯಿತು. ಬೀಟೆಯ ಹುಡಿ ಕೆನ್ನೀಲಿ ಬಣ್ಣದ್ದು. ಭಾನುವಾರದ ಇಡ್ಲಿಯೂ ಅದೇ ಬಣ್ಣದ್ದಾಯಿತು.

ಕೊನೆಗೂ ಒಂದು ಗಿಟಾರ್ ಮುಗಿಯಿತು. ಎದುರುಮನೆಯ ಕಾಲೇಜು ಹುಡುಗ ಕಣ್ಣು ಮುಚ್ಚಿಕೊಂಡು ನುಡಿಸಿದ. ನಾದ ನಿಜಕ್ಕೂ ಚೆನ್ನಾಗಿತ್ತು. ರಾಯರು ಕೇಳುತ್ತಿರಲಿಲ್ಲ. ಆರು ತಂತಿಗಳ ಎಳೆತ 70 ಕಿಲೋ ದಾಟುತ್ತದೆ, ಬ್ರಿಡ್ಜ್ ಏನಾದರೂ ಎದ್ದಿದೆಯೇ ಎಂದು ಅದರ ಕೆಳಗೆ ಫೀಲರ್ ಗೇಜ್ ತೂರಿಸುತ್ತಿದ್ದರು.

ಹುಡುಗ ಬೀಟೆಯನ್ನು ಹೊಗಳಿದ. ರಾಯರು ಉಬ್ಬಿಹೋಗಿ, ಬ್ರೆಜಿಲಿನ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ದೇಶದ ಬೀಟೆಗೇ ಕೈಚಾಚಿದ್ದನ್ನು ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಿಳಿದವರಿಗೆ ನಿಲ್ಲಿಸುವುದು ತಿಳಿಯುವುದಿಲ್ಲ. "ಆದರೂ ನಾದ ಇರೋದೆಲ್ಲ ಮೇಲ್ಹಲಗೆಯಲ್ಲೇ ಕಣಯ್ಯ. ಅದನ್ನು ತೋರಿಸೋಕೆ ಅಂತಲೇ ಸ್ಪೇನಿನ ಟೊರೆಸ್ 1862ರಲ್ಲಿ ಬೆನ್ನು, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲೇ ಮಾಡಿ ಗಿಟಾರ್ ಕಟ್ಟಿದ."

ಕಾಫಿ ತಂದಿದ್ದ ಅವರ ಮನೆಯವರು ಅಲ್ಲೇ ನಿಂತರು. "ಕಾಗದ ಸಾಕಾಗಿತ್ತಾ? ಹಾಗಾದ್ರೆ ನನ್ನ ತವರಿನ ಬೀಟೆ ಮಂಚ ಯಾಕ್ರೀ ಕುಯ್ಸಿದ್ರಿ?"

ರಾಯರು ಬಾಯಿ ತೆರೆದು ಮುಚ್ಚಿದರು. ಅಂದು ಶೆಡ್ಡಿನ ಬಾಗಿಲು ತೆಗೆಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿದ್ದ ಹಳೇ ಪೇಪರ್ ಕಟ್ಟುಗಳೆಲ್ಲ ಬಚ್ಚಲಿನ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಅಡುಗೆಮನೆಯಿಂದ ರಾಯರ ದನಿ ಕೇಳಿಸಿತು.

"ಲೇ ಇವಳೇ, ಮಿಕ್ಸಿಯ ದೊಡ್ಡ ಜಾರು ಎಲ್ಲಿಟ್ಟಿದೀಯ?"