ರೇಷ್ಮೆ ಉಟ್ಟು ಮಲಗುವವರ ಸಂಸಾರ

ಟಿವಿಯ ಶ್ರೀಮಂತ ಗಂಡ ಹೆಂಡಿರಿಗೆ ಕಷ್ಟವಿಲ್ಲ ಎಂದು ಯಾರೂ ಹೇಳಬಾರದು. ಹೆಂಡತಿಯ ಹುಟ್ಟುಹಬ್ಬ ಗಂಡನಿಗೆ ಮರೆತುಹೋಗುತ್ತದೆ. ವಜ್ರದ ಉಂಗುರ ಸಿಂಕಿನೊಳಗೆ ಬೀಳುತ್ತದೆ. ಬಾಸ್ ಊಟಕ್ಕೆ ಬರುವ ದಿನವೇ ಅಡುಗೆಯವಳು ಊರಿಗೆ ಹೋಗಿರುತ್ತಾಳೆ. ಕಾರಿನ ಕೀ ಹುಡುಕುವುದಕ್ಕೆ ಒಂದು ಸಂಚಿಕೆ, ಅದು ಗಂಡನ ಜೇಬಿನಲ್ಲೇ ಇತ್ತೆಂದು ಗೊತ್ತಾಗುವುದಕ್ಕೆ ಇನ್ನೊಂದು. ಇಷ್ಟೆಲ್ಲ ಅನುಭವಿಸಿ ಸುಸ್ತಾದ ಆಯಮ್ಮ ರಾತ್ರಿ ಅಗಲ ಅಂಚಿನ ರೇಷ್ಮೆ ಸೀರೆಯಲ್ಲೇ ಮಲಗುತ್ತಾಳೆ. ಕಿವಿಯಲ್ಲಿ ಜುಮುಕಿ, ಮುಡಿಯಲ್ಲಿ ಮಲ್ಲಿಗೆ. ಬೆಳಗ್ಗೆ ಏಳುವಾಗ ಸೀರೆಯಲ್ಲಿ ಒಂದು ಸುಕ್ಕಿಲ್ಲ, ಸಂಸಾರದಲ್ಲೂ ಇಲ್ಲ.

ಈ ದೃಶ್ಯಕ್ಕೆ ಮನಸಾರೆ ನಗುವವರನ್ನು ನೋಡಬೇಕಿದ್ದರೆ ಸಿರುಮುಗೈಗೆ ಹೋಗಬೇಕು. ತಮಿಳುನಾಡಿನ ಮೆಟ್ಟುಪಾಳ್ಯಂನಿಂದ ಹತ್ತು ಕಿಲೋಮೀಟರೂ ಆಗದ, ಭವಾನಿ ನದಿಯ ಪಕ್ಕದ ಊರು. ಸಾಫ್ಟ್ ಸಿಲ್ಕ್ ಸೀರೆಗೆ ಹೆಸರಾದದ್ದು. ಮಗ್ಗ ನಂಬಿ ಬದುಕಿದವರಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗರು ಬಹಳ ಮಂದಿ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದವರು, ಓದು ಬರಹವೆಲ್ಲ ತಮಿಳಿನಲ್ಲಿ. ಕನ್ನಡ ಉಳಿದಿರುವುದು ನಾಲಿಗೆಯ ಮೇಲೆ, ಕುಲದೇವಿ ಚೌಡೇಶ್ವರಿಯ ಮುಂದೆ ಮತ್ತು ಜಗಳದಲ್ಲಿ. ದುಡ್ಡು ಕೊಟ್ಟು ಕನ್ನಡ ಚಾನೆಲ್ ಹಾಕಿಸಿಕೊಂಡ ಮನೆಯಲ್ಲಿ ಅದು ಟಿವಿಯಲ್ಲೂ ಒಂದಿಷ್ಟು ಉಳಿದಿದೆ.

ಅಲ್ಲಿ ಧಾರಾವಾಹಿಯನ್ನು ನೋಡುವುದಿಲ್ಲ, ಕೇಳುತ್ತಾರೆ. ಕಣ್ಣು ಮಗ್ಗದ ಹಾಸಿನ ಎಳೆಗಳ ಮೇಲಿರಬೇಕು. ಒಂದು ಎಳೆ ತುಂಡಾದದ್ದು ತಪ್ಪಿಹೋದರೆ ಸೀರೆಯಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಸೀರೆಗೆ ಕೂಲಿ ಮುರಿಯುತ್ತಾರೆ. ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿರುತ್ತಾನೆ, ಹೆಂಡತಿ ಪಕ್ಕದಲ್ಲಿ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುತ್ತಿರುತ್ತಾಳೆ. ಗೋಡೆಯ ಮೇಲಿನ ಟಿವಿಯಲ್ಲಿ ಬಂಗಲೆಯ ದಂಪತಿ ಜಗಳವಾಡುತ್ತಿದ್ದಾರೆ. ಜೋಕು ಬಂತು, ಹಿಂದೆಯೇ ಮೊದಲೇ ಮುದ್ರಿಸಿಟ್ಟ ಡಬ್ಬಿಯ ನಗುವೂ ಬಂತು. ಆದರೆ ಮಗ್ಗದ ಮೇಲಿನ ಜಕಾರ್ಡ್ ಯಂತ್ರದ ಸದ್ದಿನಲ್ಲಿ ಡಬ್ಬಿಯ ನಗು ಮುಳುಗಿಹೋಗುತ್ತದೆ. ಜೋಕು ಈಗ ಸ್ವಂತ ಕಾಲಿನ ಮೇಲೆ ನಿಲ್ಲಬೇಕು, ಪಾಪ. ನಿಲ್ಲುವುದಿಲ್ಲ. ನಮ್ಮ ಚಾನೆಲ್‌ಗಳು ಹಾಸ್ಯ ಧಾರಾವಾಹಿಯ ರೇಟಿಂಗನ್ನು ಮಗ್ಗದ ಮನೆಯಲ್ಲಿ ಅಳೆಸಿದರೆ ಅರ್ಧ ಅಂಗಡಿ ಬಾಗಿಲು ಹಾಕಬೇಕಾದೀತು.

ಡಬ್ಬಿ ನಗುವಿನ ಪಿತಾಮಹ ಅಮೆರಿಕದ ಚಾರ್ಲಿ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್. 1950ರ ದಶಕದಲ್ಲಿ ಒಂದು ಯಂತ್ರ ಕಟ್ಟಿ, ಕೀಲಿ ಒತ್ತಿದರೆ ಬಗೆಬಗೆಯ ನಗು ಬರುವ ಹಾಗೆ ಮಾಡಿದ. ಪುಣ್ಯಾತ್ಮ ಅಳುವಿನ ಕೀಲಿ ಇಟ್ಟಿದ್ದನೋ ಇಲ್ಲವೋ, ನಮ್ಮವರು ಅದನ್ನು ಮೆಗಾ ಧಾರಾವಾಹಿಯ ಹೆಸರಿನಲ್ಲಿ ತಾವೇ ತಯಾರಿಸಿಕೊಂಡರು.

ಶ್ರೀಮಂತ ದಂಪತಿಯ ಪಜೀತಿಯನ್ನು ಅಮೆರಿಕದವರೂ ಮಾರಿ ನೋಡಿದ್ದಾರೆ. 1940ರಲ್ಲಿ ಇಸಾಬೆಲ್ ಸ್ಕಾಟ್ ರೋರಿಕ್ ಎಂಬಾಕೆ ಕುಗಾಟ್ ದಂಪತಿಯ ಮೇಲೆ ಒಂದು ಪುಸ್ತಕ ಬರೆದಳು. 1948ರಲ್ಲಿ ಸಿಬಿಎಸ್ ರೇಡಿಯೊ ಅದನ್ನು 'ಮೈ ಫೇವರಿಟ್ ಹಸ್ಬೆಂಡ್' ಎಂದು ನಾಟಕ ಮಾಡಿತು. ಗಂಡ ಬ್ಯಾಂಕಿನ ದೊಡ್ಡ ಹುದ್ದೆಯವನು, ಹೆಂಡತಿಯಾಗಿ ಲೂಸಿಲ್ ಬಾಲ್. ಮೊದಮೊದಲು ಇವರು ಪಾರ್ಟಿ, ಕ್ಲಬ್ಬು ಎನ್ನುವ ಮೇಲ್ದರ್ಜೆಯ ಜೋಡಿ. ಬೇಗನೆ ಬರಹಗಾರರಿಗೆ ಜ್ಞಾನೋದಯವಾಯಿತು. ಕುಗಾಟ್‌ಗಳನ್ನು ಕೂಪರ್‌ಗಳನ್ನಾಗಿ ಮಾಡಿ, ನಾಲ್ಕು ಮೆಟ್ಟಿಲು ಕೆಳಗಿಳಿಸಿ, ಹೆಂಡತಿಗೆ ತುಸು ಹುಚ್ಚಾಟ ಕಲಿಸಿದರು. ನಗು ಬಂತು. ಅದೇ ಬರಹಗಾರರು, ಅದೇ ಲೂಸಿಲ್, ಅವಳ ನಿಜವಾದ ಗಂಡ ಡೇಸಿ ಅರ್ನಾಜ್ ಸೇರಿ 1951ರಲ್ಲಿ 'ಐ ಲವ್ ಲೂಸಿ' ತಂದರು. ಈಗ ಗಂಡ ವಾದ್ಯತಂಡದವನು, ಮನೆ ಬಾಡಿಗೆಯದು. 1953ರ ಜನವರಿ 19ರಂದು ಲೂಸಿಗೆ ಮಗು ಹುಟ್ಟಿದ ಸಂಚಿಕೆಯನ್ನು ನೋಡಿದವರು, ಮಾರನೆಯ ದಿನ ಐಸೆನ್‌ಹೋವರ್ ಪ್ರಮಾಣವಚನ ನೋಡಿದವರಿಗಿಂತ ಹೆಚ್ಚು. ಅದೇ ಧಾರಾವಾಹಿಯಲ್ಲಿ 'ಬಸುರಿ' ಎಂಬ ಪದ ಬಾಯಿಗೆ ಬರಬಾರದಿತ್ತು, ಹಾಸಿಗೆಗಳು ಎರಡು ಇರಬೇಕಿತ್ತು. ಮಗು ಮಾತ್ರ ಒಂದು ಹೇಗೋ ಬಂತು. ಬ್ಯಾಂಕಿನ ಗಂಡನ ಕಥೆಯೂ 1953ರಲ್ಲಿ ಬೇರೆ ನಟರೊಂದಿಗೆ ಟಿವಿಗೆ ಏರಿತು, 1955ಕ್ಕೆ ಇಳಿಯಿತು. ಅದನ್ನು ನೆನೆಯುವವರು ಇಂದು ಯಾರು?

ನಾವು ಈ ಪಾಠವನ್ನು ತಲೆಕೆಳಗಾಗಿ ಓದಿದೆವು. ನಮ್ಮ ಹಾಸ್ಯದ ದಂಪತಿ ಹುಟ್ಟಿದ್ದೇ ಸಾಮಾನ್ಯರ ಮನೆಯಲ್ಲಿ. ದೂರದರ್ಶನದ 'ಸಿಹಿ ಕಹಿ'ಯಲ್ಲಿ ನಟಿಸಿದ ಚಂದ್ರು ಮತ್ತು ಗೀತಾಗೆ ಧಾರಾವಾಹಿಯ ಹೆಸರು ಮನೆತನದ ಹೆಸರಿನಂತೆ ಅಂಟಿತು. ಅವರು ಬದುಕಿನಲ್ಲೂ ಗಂಡ ಹೆಂಡತಿಯಾದರು. ಅದೇ ಸಿಹಿಕಹಿ ಚಂದ್ರು ಈಟಿವಿ ಕನ್ನಡಕ್ಕೆ 'ಪಾಪ ಪಾಂಡು' ಕೊಟ್ಟರು. ಚಿದಾನಂದ್ ಪಾಂಡುವಾಗಿ ಹೆಂಡತಿಯ ಕೈಯಲ್ಲಿ ಒದೆ ತಿಂದರು, ಶಾಲಿನಿ ಒದ್ದರು, ನಾಡು ನಕ್ಕಿತು. ಹೊಡೆತದ ದಿಕ್ಕು ಬದಲಾಯಿಸಿದರೆ ಅದು ಹಾಸ್ಯವಲ್ಲ, ಠಾಣೆಯ ಕೇಸು. ಆ ವಿಷಯವನ್ನು ಮಾತ್ರ ಎಲ್ಲರೂ ನಯವಾಗಿ ಮರೆತೆವು. ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'ಯಲ್ಲಿ ಡಾಕ್ಟರ್ ವಿಠ್ಠಲ್ ರಾವ್ ಇದ್ದರು, ಸಮಾಜ ಸೇವಕಿ ಲಲಿತಾಂಬ ಇದ್ದರು. ಡಾಕ್ಟರ ಮನೆ ಎಂದರೆ ಸ್ಥಿತಿವಂತರದೇ. ಆದರೆ ಅಲ್ಲಿ ನಗು ಹುಟ್ಟುತ್ತಿದ್ದುದು ಸಮಾಜ ಸೇವೆಯ ಡಂಭದಿಂದ, ಸೋಫಾದ ಬೆಲೆಯಿಂದಲ್ಲ. ಹಿಂದಿಯಲ್ಲಿ 2004ರ 'ಸಾರಾಭಾಯ್ ವರ್ಸಸ್ ಸಾರಾಭಾಯ್' ಶ್ರೀಮಂತರ ಮನೆಯನ್ನೇ ಹಿಡಿದುಕೊಂಡೂ ನೆನಪಿನಲ್ಲಿ ಉಳಿದದ್ದು ಅದಕ್ಕೇ: ಅದು ಸಿರಿವಂತಿಕೆಯನ್ನು ಗೇಲಿ ಮಾಡಿತು, ಪ್ರದರ್ಶನಕ್ಕಿಡಲಿಲ್ಲ.

ಈಗ ಪ್ರದರ್ಶನ ಬಿಟ್ಟರೆ ಬೇರೇನಿಲ್ಲ. ಮೆಟ್ಟಿಲು ಸುತ್ತಿಕೊಂಡು ಇಳಿಯುವ ಹಜಾರ, ತೂಗುವ ದೀಪದ ಗೊಂಚಲು, ಗಾಜಿನ ಬೋಗುಣಿಯಲ್ಲಿ ಯಾರೂ ತಿನ್ನದ ಸೇಬು. ಗಂಡನಿಗೆ 'ಬಿಸಿನೆಸ್' ಇದೆ, ಯಾವುದೆಂದು ಅವನಿಗೂ ತಿಳಿಯದು. ಅಡುಗೆಮನೆಯಲ್ಲಿ ಆಲೂಗಡ್ಡೆ ಇದೆ, ದರ ಯಾರೂ ಕೇಳುವುದಿಲ್ಲ. ಮೆಟ್ಟುಪಾಳ್ಯಂನವರಿಗೆ ಇದು ಅತಿ ದೊಡ್ಡ ಪವಾಡವಾಗಿ ಕಾಣಬೇಕು: ನೀಲಗಿರಿಯ ಆಲೂಗಡ್ಡೆ ಗುಡ್ಡ ಇಳಿದು ಹರಾಜಾಗುವುದು ಇಲ್ಲಿನ ಮಂಡಿಗಳಲ್ಲಿ, ದರ ಕೂಗುವ ಸದ್ದಿಗೇ ಈ ಊರಿಗೆ ಬೆಳಗಾಗುತ್ತದೆ.

ಮೆಟ್ಟುಪಾಳ್ಯಂನಿಂದ ಊಟಿಗೆ ಹೋಗುವ ಪುಟ್ಟ ರೈಲು 46 ಕಿಲೋಮೀಟರ್ ಹತ್ತಲು ಐದು ಗಂಟೆ ತೆಗೆದುಕೊಳ್ಳುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡೇ ಏರಬೇಕು; ಹತ್ತಿದ್ದು ಹಿಂದೆ ಜಾರಬಾರದು. ನಮ್ಮ ಹಾಸ್ಯ ಧಾರಾವಾಹಿಗೆ ಆ ಹಲ್ಲಿಲ್ಲ. ಇಪ್ಪತ್ತೆರಡು ನಿಮಿಷ ಏದುಸಿರು ಬಿಟ್ಟು ಹತ್ತಿ, ಕೊನೆಗೆ ಹೊರಟಲ್ಲಿಗೇ ಜಾರುತ್ತದೆ. ನಾಳೆ ಮತ್ತೆ ಹುಟ್ಟುಹಬ್ಬ ಮರೆಯಬೇಕಲ್ಲ! ಟಿವಿಯ ದಂಪತಿ ಹನಿಮೂನಿಗೆ ಮೆಟ್ಟುಪಾಳ್ಯಂ ಹಾದೇ ಊಟಿಗೆ ಹೋಗುತ್ತಾರೆ, ಆದರೆ ಕಾರಿನ ಗಾಜು ಇಳಿಸುವುದು ಮಂಜು ಕಂಡ ಮೇಲೆ. ಬಯಲಿನ ಊರುಗಳು ಅವರ ಕಣ್ಣಿಗೆ ಟ್ರಾಫಿಕ್ ಜಾಮ್ ಮಾತ್ರ.

ಇನ್ನು ಮಾತು. ಬಂಗಲೆಯ ಹೆಂಡತಿ ಆಡುವ ಕನ್ನಡದಲ್ಲಿ ಕ್ರಿಯಾಪದ ಬಿಟ್ಟು ಮಿಕ್ಕದ್ದೆಲ್ಲ ಇಂಗ್ಲಿಷ್. ಸಿರುಮುಗೈನವರ ಕನ್ನಡದಲ್ಲಿ ತಮಿಳು ಧಾರಾಳ. ಬೆಂಗಳೂರಿನಿಂದ ಬಂದ ನೆಂಟರು ಸಿರುಮುಗೈ ಮಾತು ಕೇಳಿ, "ಅಯ್ಯೋ, ನಿಮ್ಮ ಕನ್ನಡ ಕೆಟ್ಟುಹೋಗಿದೆ" ಎನ್ನುತ್ತಾರೆ. ಅನ್ನುವುದೂ 'ಆಕ್ಚುಲಿ' ಸೇರಿಸಿಯೇ. ನನಗೆ ಮಗ್ಗದ ಮನೆಯ ಕನ್ನಡವೇ ಗಟ್ಟಿಯಾಗಿ ಕೇಳುತ್ತದೆ. ಯಾಕೆಂದರೆ ಅಲ್ಲಿ ಅದರಿಂದ ಕೆಲಸ ನಡೆಯುತ್ತದೆ. ಕಂಡಿಕೆ ತಾ ಎಂದರೆ ಕಂಡಿಕೆ ಬರಬೇಕು.

ಧಾರಾವಾಹಿ ಕೇಳುತ್ತ ಕಂಡಿಕೆ ಸುತ್ತುತ್ತಿದ್ದ ಅಜ್ಜಿಯೊಬ್ಬರು ಒಮ್ಮೆ ಸೊಸೆಯನ್ನು ಕೇಳಿದರು: "ಅಲ್ಲಮ್ಮಾ, ಆ ಮನೆಯಲ್ಲಿ ಯಾರೂ ಕೆಲಸಕ್ಕೇ ಹೋಗೋದಿಲ್ವಾ?" ನಿರ್ಮಾಪಕರ ಸಭೆಯಲ್ಲಿ ಈ ಪ್ರಶ್ನೆ ಕೇಳಿದ ಬರಹಗಾರನಿಗೆ ಮಾರನೆಯ ದಿನ ಕೆಲಸವಿರುವುದಿಲ್ಲ.

ನೇಕಾರ ದಂಪತಿಯ ಮನೆಯಲ್ಲಿ ಪಜೀತಿಗೆ ಬರವೇ? ಮದುವೆಯ ತಿಂಗಳಲ್ಲಿ ಸೀರೆ ಬೇಕೆಂದು ಅವಸರಿಸಿದವನು ಆಷಾಢದಲ್ಲಿ ಫೋನ್ ಎತ್ತುವುದಿಲ್ಲ. ರೇಷ್ಮೆಯ ದರ ಏರುತ್ತದೆ, ಕೂಲಿ ಕೂತಲ್ಲೇ ಕೂತಿರುತ್ತದೆ. ಗಂಡ ಹೆಂಡತಿ ಬೆಳಗ್ಗೆ ಜಗಳವಾಡಿ ಮಾತು ಬಿಟ್ಟರೂ ಮಧ್ಯಾಹ್ನದೊಳಗೆ ಒಂದು ಮಾತಾಡಲೇಬೇಕು, ಕಂಡಿಕೆ ಮುಗಿದರೆ ಲಾಳಿ ನಿಲ್ಲುತ್ತದೆ. ಮುನಿಸಿಗೆ ಅಷ್ಟೇ ಅವಧಿ. ಇದಕ್ಕಿಂತ ಒಳ್ಳೆಯ ಕಾಮಿಡಿ ಸನ್ನಿವೇಶ ಯಾವ ಬಂಗಲೆಯಲ್ಲಿದೆ? ಇಬ್ಬರ ನಡುವೆ ಜಗಳ, ಇಬ್ಬರ ನಡುವೆ ಮಗ್ಗ, ಮಗ್ಗದ ಮೇಲೆ ಮೂರನೆಯವಳ ಸೀರೆ.

ಆದ್ದರಿಂದ ಚಾನೆಲ್ ದೊರೆಗಳೇ, ಮುಂದಿನ ಹಾಸ್ಯ ಧಾರಾವಾಹಿಗೆ ಬಂಗಲೆ ಬಾಡಿಗೆಗೆ ಹಿಡಿಯುವ ಮೊದಲು ಒಂದು ಸಲ ಇತ್ತ ಬನ್ನಿ. ಸೆಟ್ಟಿನ ಖರ್ಚು ಉಳಿಯುತ್ತದೆ, ಡಬ್ಬಿಯ ನಗು ಬೇಕಿಲ್ಲ, ಕಲಾವಿದರಿಗೆ ನಿಜವಾಗಿ ಮಾಡಲು ಒಂದು ಕೆಲಸವೂ ಸಿಗುತ್ತದೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಸಿರುಮುಗೈಗೆ ಬೇಡ.